ಬೆನ್ನು ಸೀಳಿದ ಕೋಟು

ಬಟ್ಟೆ ಒಣಹಾಕುವ ನಾಲ್ಕು ಪ್ಲಾಸ್ಟಿಕ್ ಕ್ಲಿಪ್ಪುಗಳು. ಕಳೆದ ತಿಂಗಳು ಮೊಮ್ಮಗಳ ನಿಶ್ಚಿತಾರ್ಥಕ್ಕೆ ಮುಂಚೆ ಫೋಟೊ ತೆಗೆಯಲು ಬಂದಿದ್ದ ಹುಡುಗಿ, ಮದುವೆಯಾಗುವ ಹುಡುಗನ ದೊಗಳೆ ಕೋಟನ್ನು ಬೆನ್ನ ಹಿಂದೆ ಎಳೆದು ಹಿಡಿದು ಸಾಲಾಗಿ ಅವನ್ನು ಸಿಕ್ಕಿಸಿದಳು. ಎದುರಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. "ಫ್ಯಾಶನ್ ಫೋಟೊದವರೆಲ್ಲ ಹೀಗೇ ಮಾಡೋದು ತಾತ" ಎಂದು ನನಗೆ ವಿವರಿಸಿದಳು. ನಲವತ್ತು ವರ್ಷ ಸ್ಟುಡಿಯೋ ನಡೆಸಿದವನಿಗೆ ಪಾಠ ಹೇಳುತ್ತಿದ್ದೇನೆಂದು ಪಾಪ ಅವಳಿಗೇನು ಗೊತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಳಗೆ ಹೋಗಿ ಮಂಚದ ಮೇಲೆ ಕೂತುಬಿಟ್ಟೆ...

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಶಿವಮೊಗ್ಗದ ಸ್ಟುಡಿಯೋ ಒಂದರಲ್ಲಿ ಆರು ತಿಂಗಳು ಇದ್ದು ಬಂದು ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೇ ಬೋರ್ಡು ತೂಗುಹಾಕಿದ್ದೆ. ಕಲಿತದ್ದೆಲ್ಲ ಡಾರ್ಕ್‌ರೂಮಿನ ಕೆಲಸ. ಫಿಲ್ಮಿನ ಬದಲು ಆಗ ಕ್ಯಾಮರಾಕ್ಕೆ ಹಾಕುತ್ತಿದ್ದ ಗಾಜಿನ ಪ್ಲೇಟು ತೊಳೆಯಲು ಬರುತ್ತಿತ್ತು, ಪ್ರಿಂಟು ಹಾಕಲು ಬರುತ್ತಿತ್ತು. ಮನುಷ್ಯರನ್ನು ಎದುರಿಗೆ ಕೂರಿಸಿ ಏನು ಮಾಡಬೇಕೆಂದು ಮಾತ್ರ ಗೊತ್ತಿರಲಿಲ್ಲ. ಮಾಡಿಗೆ ಆರು ಗಾಜಿನ ಹೆಂಚು ಹಾಕಿಸಿದ್ದೆ. ಅದರ ಬೆಳಕಿನಲ್ಲಿ ಬೆಟ್ಟದ ಚಿತ್ರದ ಪರದೆ ಎದುರು ಕುರ್ಚಿ ಇಟ್ಟು, "ಅಲ್ಲಾಡಬೇಡಿ" ಎಂದು ಗದರಿಸಿ ಫೋಟೊ ತೆಗೆಯುತ್ತಿದ್ದೆ. ಬಂದವರೆಲ್ಲ ಪೊಲೀಸ್ ಠಾಣೆಗೆ ಕರೆಸಿದ ಹಾಗೆ ಕಾಣುತ್ತಿದ್ದರು. ಒಬ್ಬರಂತೂ ತಮ್ಮ ಫೋಟೊ ನೋಡಿ, "ಇದು ನಾನಲ್ಲ ಮಾರಾಯ, ನನ್ನ ದಾಯಾದಿ" ಎಂದು ಹೇಳಿ ಅಲ್ಲೇ ಬಿಟ್ಟುಹೋದರು.

ನನ್ನ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಬರೀ ಹಲಗೆಯ ಅಡ್ಡ. ಆಚೆ ಒಬ್ಬರು ದರ್ಜಿ ಇದ್ದರು. ನಲವತ್ತರ ಆಸುಪಾಸಿನ ಸಣಕಲು ಮೈ, ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲು. ಬೀದಿಗೆಲ್ಲ ಅವರು ಟೈಲರಣ್ಣ, ನನಗೂ ಟೈಲರಣ್ಣ. ನಾನು ಗಿರಾಕಿಗಳನ್ನು ಗದರಿಸುವುದು ಅವರಿಗೆ ದಿನವೂ ಕೇಳುತ್ತಿತ್ತಲ್ಲ, ಒಂದು ದಿನ ಎದ್ದೇ ಬಂದರು.

"ಅಲ್ಲಾಡ್ಬೇಡಿ ಅಂತೀಯಲ್ಲ ತಮ್ಮಾ, ಅದ್ಕೇ ಅವ್ರು ಹೆದ್ರೋದು. ತಡಿ."

ಕುರ್ಚಿಯಲ್ಲಿದ್ದವರು ಆನಂದಪುರದ ಕಡೆಯ ಒಬ್ಬ ಗೇಣಿ ರೈತರು. ಟೈಲರಣ್ಣ ಟೇಪು ಬಿಚ್ಚಿ ಅವರ ಭುಜದಳತೆ ತೆಗೆಯತೊಡಗಿದರು. ಅಂಗಿ ಹೊಲಿಯುವುದೇನೂ ಇರಲಿಲ್ಲ, ಬರೀ ನೆಪ. ತೋಳು ಅಳೆದರು, ಎಮ್ಮೆ ಕರು ಹಾಕಿತಾ ಎಂದು ಕೇಳಿದರು, ಕೊನೆಗೆ, "ಉಸ್ರು ಬಿಡಿ ಮಾರಾಯ್ರೆ, ಇಲ್ದಿದ್ರೆ ಅಂಗಿ ಬಿಗಿ ಆಗ್ತದೆ" ಎಂದರು. ರೈತರು ಉಸಿರು ಬಿಟ್ಟರು, ಭುಜ ಇಳಿಯಿತು, ಮುಖ ಮನೆಯ ಜಗಲಿಯಲ್ಲಿ ಇರುವಂಥದ್ದಾಯಿತು. ಟೈಲರಣ್ಣ ಬದಿಗೆ ಸರಿದು ನನಗೆ ಕಣ್ಣು ಮಿಟುಕಿಸಿದರು, ನಾನು ಕ್ಯಾಮರಾದ ಶಟರ್ ತೆರೆಯುವ ರಬ್ಬರ್ ಬಲ್ಬು ಒತ್ತಿದೆ. ನಾನು ತೆಗೆದದ್ದರಲ್ಲಿ ಮನುಷ್ಯನೊಬ್ಬ ಕಂಡ ಮೊದಲ ಫೋಟೊ ಅದು. ಅಲ್ಲಿಂದ ಮೂರು ವರ್ಷ, ನನ್ನ ಹೆಸರಿನಲ್ಲಿ ಹೊರಗೆ ಹೋದ ಒಳ್ಳೆಯ ಫೋಟೊಗಳೆಲ್ಲ ಅರ್ಧ ಅವರವು.

ಬೆಳಿಗ್ಗೆ ಬೆಳಕು ನೋಡಲು ಕೂಡ ಅವರೇ ಬೇಕು. ಗಿರಾಕಿ ಬರುವ ಮುಂಚೆ ಪರದೆ ಎದುರು ಅವರನ್ನು ನಿಲ್ಲಿಸಿ, ನಾನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಅವರ ಮೂಗಿನ ತುದಿಗೆ ಫೋಕಸ್ ಹಿಡಿಯುತ್ತಿದ್ದೆ. ಕ್ಯಾಮರಾದಲ್ಲಿ ಪ್ಲೇಟು ಇರುತ್ತಿರಲಿಲ್ಲ. ಬರೀ ಬೆಳಕು ನೋಡಲು ಯಾರು ಪ್ಲೇಟು ಹಾಕುತ್ತಾರೆ? ಅವರಿಗೂ ಅದು ಗೊತ್ತಿತ್ತು. ಆದರೂ ಪ್ರತಿಸಲವೂ ತಲೆ ಬಾಚಿಕೊಂಡು, ಗುಂಡಿ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತಿದ್ದರು. "ಇದಕ್ಕೂ ಇಷ್ಟು ಶೋಕಿಯಾ ಟೈಲರಣ್ಣ?" ಎಂದು ಛೇಡಿಸುತ್ತಿದ್ದೆ. "ಇರ್ಲಿ ಮಾರಾಯ" ಎನ್ನುತ್ತಿದ್ದರು, ಅಷ್ಟೆ. ಒಂದು ಪ್ಲೇಟು ಹಾಕೋಣ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಆ ಹೊತ್ತಿಗೆ ಹುಡುಗರಿಗೆಲ್ಲ ಕೋಟಿನ ಹುಚ್ಚು ಹಿಡಿದಿತ್ತು. ಪತ್ರಿಕೆಯಿಂದ ಕತ್ತರಿಸಿದ ಚಿತ್ರ ಹಿಡಿದುಕೊಂಡು ಬಂದು, "ಹಿಂಗೇ ಫ್ಯಾಶನ್ನಾಗಿ ತೆಗೀರಿ" ಎನ್ನುತ್ತಿದ್ದರು. ನಾನು ಶಿವಮೊಗ್ಗದಿಂದ ಹಳೆಯ ಕರಿ ಕೋಟೊಂದನ್ನು ತಂದೆ. ಅದು ಯಾರ ಮೈಗೂ ಸರಿಯಾಗಲಿಲ್ಲ. ಟೈಲರಣ್ಣ ಒಂದು ಸಂಜೆ ಅದನ್ನು ಮಗುಚಿ ಹಾಕಿ ಬೆನ್ನನ್ನು ಕತ್ತಿನಿಂದ ಕೆಳಗಿನವರೆಗೂ ಸೀಳಿದರು. ಅಂಚು ಮಡಚಿ ಹೊಲಿದು, ಎರಡೂ ಬದಿಗೆ ಲಾಡಿ ಇಟ್ಟರು. ಸಣಕಲ ಬಂದರೆ ಬಿಗಿದು ಕಟ್ಟುವುದು, ದಪ್ಪನೆಯವರು ಬಂದರೆ ಸಡಿಲ ಬಿಡುವುದು. ಎದುರಿಗೆ ಮಾತ್ರ ಎಲ್ಲರಿಗೂ ಅಳತೆಯ ಕೋಟು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲೂಕಿನ ಹುಡುಗರು ಅದೇ ಒಂದು ಕೋಟು ತೊಟ್ಟ ಫೋಟೊವನ್ನು ಹೆಣ್ಣಿನ ಮನೆಗೆ ಕಳಿಸಿದರು. ಲಾಡಿಯ ಗುಟ್ಟನ್ನು ಯಾರೂ ಹೊರಗೆ ಬಿಡಲಿಲ್ಲ.

ಬಿಟ್ಟವನು ನಾನು. ಹೊಸದಾಗಿ ರೋಲ್ ಫಿಲ್ಮಿನ ಕೈಕ್ಯಾಮರಾ ಬಂದಿತ್ತು, ಕಂಡದ್ದೆಲ್ಲ ಕ್ಲಿಕ್ಕಿಸುವ ಹುರುಪು. ಅವತ್ತು ಟೈಲರಣ್ಣ ಕೋಟು ತೊಟ್ಟು ಬೆಳಕಿಗೆ ನಿಂತಿದ್ದವರು, ಪರದೆಯ ಸುಕ್ಕು ತೆಗೆಯಲು ಆ ಕಡೆ ತಿರುಗಿದರು. ಅರೆಬರೆ ಕಟ್ಟಿದ ಲಾಡಿ, ಬಾಯಿಬಿಟ್ಟ ಸೀಳು, ಸೀಳಿನೊಳಗೆ ತೇಪೆ ಹಾಕಿದ ಅಂಗಿ. ಊರಿಗೆಲ್ಲ ಹೊಲಿಯುವವರ ಅಂಗಿಗೇ ತೇಪೆ... ನನಗೆ ನಗು ತಡೆಯಲಿಲ್ಲ, ಕ್ಲಿಕ್ಕಿಸಿದೆ. ದೊಡ್ಡದು ಮಾಡಿ ಹೊರಗಿನ ಷೋಕೇಸಿನಲ್ಲಿಟ್ಟು ಕೆಳಗೆ 'ಫ್ಯಾಶನ್: ಹಿಂದಿನ ನೋಟ' ಎಂದು ಬರೆದ ಚೀಟಿ ಅಂಟಿಸಿದೆ. ಜನ ನಿಂತು ನೋಡಿ ನಕ್ಕರು. ನನಗೆ ನಾನೇ ದೊಡ್ಡ ಕಲಾವಿದನಾಗಿ ಕಂಡೆ.

"ತೆಗ್ದುಬಿಡು ತಮ್ಮಾ. ಅಂಗಿ ತೇಪೆ ಕಾಣ್ತದೆ. ನಾಲ್ಕು ಜನ ಬಟ್ಟೆ ಕೊಡೋಕೆ ಬರೋ ಜಾಗ" ಎಂದರು ಟೈಲರಣ್ಣ. ನಾಳೆ ತೆಗೆಯುತ್ತೇನೆ ಎಂದೆ. ನಾಳೆ ನಾಳೆ ಎನ್ನುತ್ತ ಒಂದು ವಾರ ಆಯಿತು.

ನಮ್ಮಿಬ್ಬರ ಕೋಣೆಗಳ ಮಾಲೀಕರು ಅಡಿಕೆ ಮಂಡಿಯ ಯಜಮಾನರು. ಅವರ ಮಗನ ಫೋಟೊವೂ ಅದೇ ಕೋಟಿನಲ್ಲಿ ತೀರ್ಥಹಳ್ಳಿಗೆ ಹೋಗಿತ್ತು. ಹುಡುಗನನ್ನು ನೋಡಲು ಹೆಣ್ಣಿನ ಕಡೆಯವರು ಬಂದರು. ಬಸ್ಸಿಳಿದು ನಮ್ಮ ಬೀದಿಯಲ್ಲೇ ನಡೆದರು, ಷೋಕೇಸು ನೋಡಿದರು. ಯಜಮಾನರ ಮನೆಯಲ್ಲಿ ಕಾಫಿ ಕುಡಿಯುತ್ತ ಹೆಣ್ಣಿನ ತಂದೆ, "ನಿಮ್ಮ ಹುಡುಗನ ಕೋಟಿಗೂ ಹಿಂದೆ ಲಾಡಿಯೇನು?" ಎಂದು ಕೇಳಿದರಂತೆ. ಸಂಬಂಧ ಮುಂದುವರಿಯಲಿಲ್ಲ. ಅದಕ್ಕೆ ಬೇರೆ ಕಾರಣವೂ ಇದ್ದೀತು. ಆದರೆ ಮರುದಿನ ಬೆಳಿಗ್ಗೆ ಯಜಮಾನರು ನನ್ನ ಬಾಗಿಲಲ್ಲಿ ನಿಂತಿದ್ದರು.

"ಎಂತಾ ಇದು? ಯಾರ ಕೆಲ್ಸ?"

ಹಲಗೆಯ ಆಚೆ ಹೊಲಿಗೆ ಯಂತ್ರ ಓಡುತ್ತಿತ್ತು. "ಕೋಟು ಸೀಳಿದ್ದು ಟೈಲರಣ್ಣ. ಫೋಟೊನೂ ಅವ್ರೇ ಇಡು ಅಂದ್ರು, ತಮ್ಮ ಕೈಕೆಲಸ ನಾಲ್ಕು ಜನ ನೋಡ್ಲಿ ಅಂತ. ನಂದೇನಿಲ್ಲ" ಎಂದೆ.

ಯಂತ್ರ ನಿಂತಿತು.

ಅವರು ಬಂದು ಸುಳ್ಳೆಂದು ಹೇಳುತ್ತಾರೆ ಎಂದುಕೊಂಡೆ. ಹೇಳಲೆಂದೂ ಅನಿಸಿತು, ಹೇಳದಿರಲೆಂದೂ ಅನಿಸಿತು. ಟೈಲರಣ್ಣ ಬಾಗಿಲಿಗೆ ಬಂದರು, ನನ್ನ ಮುಖ ಒಮ್ಮೆ ನೋಡಿದರು. "ಹೌದು ಯಜಮಾನ್ರೆ, ನಂದೇ ತಪ್ಪು" ಎಂದರು. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕೆಂದು ಅಪ್ಪಣೆಯಾಯಿತು. ಹದಿನೈದು ವರ್ಷ ಕೂತು ಗಿರಾಕಿ ಕಟ್ಟಿಕೊಂಡಿದ್ದ ಜಾಗ ಅದು.

ಹೋಗುವ ದಿನ ಯಂತ್ರವನ್ನು ರಿಪ್ಪನ್‌ಪೇಟೆಯ ಬಸ್ಸಿನ ಮೇಲೆ ಹಾಕಿ ಕಟ್ಟಿದರು. ನಾನು ಹಗ್ಗ ಹಿಡಿಯಲು ಹೋದೆ. ಕ್ಷಮಿಸಿ ಎನ್ನಬೇಕೆಂದು ಬಾಯಿ ತೆರೆದವನು, "ಅಲ್ಲಿ ಗಿರಾಕಿ ಸಿಗ್ತಾರಾ?" ಎಂದು ಕೇಳಿದೆ. "ಬಟ್ಟೆ ಹಾಕೋರು ಎಲ್ಲಾ ಕಡೆ ಇರ್ತಾರೆ. ನಿಂದು ಈಗಷ್ಟೇ ಶುರು ತಮ್ಮಾ, ಗಟ್ಟಿ ಮಾಡ್ಕೊ" ಎಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಇನ್ನೊಂದು ಮಾತು ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ. ಅವರು ಹೋದ ಮರುವಾರವೇ ಆ ಕೋಣೆಯನ್ನು ನಾನು ಯಜಮಾನರಿಂದ ಕೇಳಿ ಪಡೆದೆ. ಹಲಗೆ ಕೀಳಿಸಿ, ಗಿರಾಕಿಗಳು ಪೌಡರ್ ಹಚ್ಚಿಕೊಳ್ಳಲು ಅಲ್ಲಿ ನಿಲುಗನ್ನಡಿ ಇಟ್ಟೆ. ಸ್ಟುಡಿಯೋ ದೊಡ್ಡದಾಯಿತು, ಹೆಸರೂ ಬಂತು. ತೀರ್ಥಹಳ್ಳಿ ಕಡೆ ಮದುವೆ ಫೋಟೊಗೆ ಹೋಗುವಾಗ ಬಸ್ಸು ರಿಪ್ಪನ್‌ಪೇಟೆಯಲ್ಲಿ ನಿಂತರೆ, ಅವರ ಅಂಗಡಿ ಇಲ್ಲದ ಬದಿಗೆ ಮುಖ ಮಾಡಿ ಕೂರುತ್ತಿದ್ದೆ. ಒಂದು ಸಲವೂ ಇಳಿಯಲಿಲ್ಲ.

ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬ ಹೆಣ್ಣುಮಗಳು ಸ್ಟುಡಿಯೋಕ್ಕೆ ಬಂದಳು. ಹೊಸನಗರದಲ್ಲಿ ಶಾಲೆಯ ಟೀಚರು, ಟೈಲರಣ್ಣನ ಮಗಳು.

"ಅಪ್ಪ ಹೋದ ತಿಂಗ್ಳು ತೀರ್ಕೊಂಡ್ರು ಸಾರ್. ಮನೇಲಿ ಅವ್ರದೊಂದೂ ಫೋಟೊ ಇಲ್ಲ. ಮದ್ವೆಮನೇಲಿ ಕರೆದ್ರೂ ಎದ್ದು ಹೋಗ್ತಿದ್ರು. 'ಸಾಗರದಲ್ಲಿ ಮೂರು ವರ್ಷ ದಿನಾ ಕ್ಯಾಮರಾ ಎದುರು ನಿಂತಿದೀನಿ, ಸಾಕು' ಅಂತಿದ್ರು. ನಿಮ್ಮ ಹತ್ರ ಒಂದಾದ್ರೂ ಇರ್ಬೌದಲ್ಲಾ?"

ಇದ್ದದ್ದು ಒಂದೇ ನೆಗೆಟಿವ್. ಅದರಲ್ಲಿ ಮುಖವಿಲ್ಲ. ಸೀಳಿದ ಕೋಟು, ತೇಪೆ, ಒಂದು ಕಿವಿ, ಕಿವಿಯ ಮೇಲಿನ ಪೆನ್ಸಿಲು. ಗೋಡೆಗೆ ಹಾಕಿ ಹೂವಿಡಲು ಅದನ್ನು ಹೇಗೆ ಕೊಡಲಿ? ಹಾಗೆಂದು ಹೇಳಿದರೂ ಆಗುತ್ತಿತ್ತು. ಆದರೆ ಹೇಳಿದರೆ ಆ ಫೋಟೊ ಯಾಕೆ ತೆಗೆದಿರಿ ಎಂದು ಕೇಳುತ್ತಾಳೆ, ಅಪ್ಪ ಸಾಗರ ಬಿಟ್ಟದ್ದು ಯಾಕೆ ಎಂದು ಕೇಳುತ್ತಾಳೆ...

"ಇಲ್ಲಮ್ಮಾ. ಅವ್ರು ಇಲ್ಲಿ ನಿಂತಿದ್ದು ನಂಗೆ ನೆನಪಿಲ್ಲ" ಎಂದೆ.

ಆಕೆಯ ಮುಖ ಸಣ್ಣದಾಯಿತು. "ಹಂಗಾದ್ರೆ ಅಪ್ಪ ಸುಮ್ನೆ ಹೇಳ್ತಿದ್ರೇನೋ" ಎಂದು, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಅರೆನಗು ನಕ್ಕು, ಕೈಮುಗಿದು ಇಳಿದುಹೋದಳು. ಬಸ್‌ಸ್ಟ್ಯಾಂಡು ನೂರು ಹೆಜ್ಜೆ ದೂರ. ಓಡಿಹೋಗಿ ಕರೆಯಬಹುದಿತ್ತು.

ಆ ಕ್ಲಿಪ್ಪುಗಳನ್ನು ಕಂಡ ಮೇಲೆ, ಕಳೆದ ವಾರ ಹೊಸನಗರಕ್ಕೆ ಹೋಗಿ ಆಕೆಯನ್ನು ವಿಚಾರಿಸಿದೆ. ಆ ಟೀಚರು ವರ್ಗವಾಗಿ ಹೋಗಿ ಎಷ್ಟೋ ಕಾಲವಾಯಿತು, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ ಎಂದರು. ಟೈಲರಣ್ಣ ಇಲ್ಲ, ಆ ಬೀದಿಯೂ ಈಗ ಗುರುತು ಸಿಗುವುದಿಲ್ಲ. ಆ ಮಗಳು ಎಲ್ಲಾದರೂ ಇದನ್ನು ಓದಿದರೆ ಓದಲಿ ಎಂದು ಬರೆಯುತ್ತಿದ್ದೇನೆ. ತಾಯೀ, ನಿಮ್ಮ ತಂದೆ ಹೇಳಿದ್ದು ನಿಜ. ಅವರು ಮೂರು ವರ್ಷ ದಿನವೂ ನನ್ನ ಕ್ಯಾಮರಾದ ಎದುರು ನಿಂತಿದ್ದರು. ಅದರೊಳಗೆ ಪ್ಲೇಟು ಹಾಕದವನು ನಾನು.