ತೊಟ್ಟಿಲ ಕಡೆಗೆ ಬಾರದ ಹೊಗೆ

ನಮ್ಮ ಕೆಳಮನೆಯವಳನ್ನು ಬೀದಿಯವರೆಲ್ಲ ಊದಕ್ಕ ಅಂತ ಕರೆಯುತ್ತಿದ್ದರು. ಸರದ ಕೊಂಡಿಗಳನ್ನು ಬೆಸೆಯುವುದು ಅವಳ ಕೆಲಸ. ಇದ್ದಿಲ ತುಂಡಿನ ಮೇಲೆ ಕೊಂಡಿಯಿಟ್ಟು, ಸಾಸಿವೆಗಿಂತ ಸಣ್ಣ ಬೆಸುಗೆಯ ಚೂರನ್ನು ಅದರ ಬಾಯಿಗೆ ಕೂರಿಸಿ, ದೀಪದ ಉರಿಗೆ ಊದುಗೊಳವೆ ಹಿಡಿದು ಕೆನ್ನೆ ಉಬ್ಬಿಸಿದಳೆಂದರೆ ಉರಿ ಬಾಗಿ ಸೂಜಿಯ ಹಾಗೆ ಚೂಪಾಗುತ್ತಿತ್ತು. ಚೂರು ಪಳಕ್ಕನೆ ಕರಗಿ ಹರಿಯುವಾಗ ಹಳದಿಯಾದ ಒಂದೆಳೆ ಹೊಗೆ ಏಳುತ್ತಿತ್ತು. ಮಧ್ಯಾಹ್ನದ ಹೊತ್ತು ನಾನು ಅವಳ ಬಾಗಿಲಲ್ಲಿ ಬಟಾಣಿ ಬಿಡಿಸುತ್ತಾ ಅದನ್ನೇ ನೋಡುತ್ತಿದ್ದೆ. ಬಿಸಿಲಕೋಲಿನೊಳಗೆ ತೇಲಿ, ತಿರುಗಿ, ಅವಳ ಮುಖದ ಕಡೆಗೇ ಹೋಗಿ ಇಲ್ಲವಾಗುತ್ತಿತ್ತು. ನಿದ್ದೆ ಬರಿಸುವಷ್ಟು ಚೆಂದ.

ಅವಳ ಕಡೆಗೇ ಯಾಕೆ ಹೋಗುತ್ತಿತ್ತು ಅಂದರೆ, ಅದಕ್ಕೊಂದು ಕಥೆಯಿದೆ. ತಮ್ಮ ಹುಟ್ಟಿದ ಸ್ವಲ್ಪ ದಿನಕ್ಕೆ ತಾಯಿ ತೀರಿಕೊಂಡಾಗ ಇವಳಿನ್ನೂ ಲಂಗದ ಹುಡುಗಿ. ತೊಟ್ಟಿಲನ್ನು ಕಿಟಕಿಯ ಪಕ್ಕ ಕಟ್ಟಿ, ಅದರ ಹಗ್ಗವನ್ನು ಕಾಲ್ಬೆರಳಿಗೆ ಸುತ್ತಿ, ಅಕ್ಕಸಾಲಿಯಾದ ಅಪ್ಪನ ಮೇಜಿನಾಚೆ ಕಿಟಕಿಗೆ ಮುಖ ಮಾಡಿ ಊದಲು ಕೂತಳು. ಗಾಳಿ ಮೊದಲು ತೊಟ್ಟಿಲಿಗೆ, ಆಮೇಲೆ ಉರಿಗೆ, ಕೊನೆಗೆ ಅವಳಿಗೆ.

"ಮಂಕೇ, ಹೊಗೆಯೆಲ್ಲ ನಿನ್ನ ಮೂಗಿಗೇ ಬರ್ತಿದೆ. ಮೇಜು ತಿರುಗಿಸಿ ಕಿಟಕಿ ಕಡೆ ಕೂತ್ಕೋ" ಅಂದನಂತೆ ಅಪ್ಪ.

"ಆಗ ತೊಟ್ಟಿಲು ಹೊಗೆ ಬರೋ ಈ ಕಡೆ ಬರ್ಬೇಕಲ್ಲಪ್ಪ" ಅಂದಳಂತೆ ಇವಳು.

ತೊಟ್ಟಿಲು ಅಟ್ಟ ಸೇರಿತು. ಅಪ್ಪ ಹೋದ. ತಮ್ಮನಿಗೆ ಮೀಸೆ ಬಂತು, ಬಸ್ಸು ಓಡಿಸುವ ಕೆಲಸ ಬಂತು, ಹೆಂಡತಿ ಬಂದಳು. ಮೇಜು ಮಾತ್ರ ಇದ್ದಲ್ಲೇ ಇತ್ತು.

ಒಂದು ಬೆಳಿಗ್ಗೆ ತಮ್ಮನ ಕಾಲು ಬೂಟಿನೊಳಗೆ ಹೋಗಲಿಲ್ಲ. ಮುಖ ಕುಂಬಳಕಾಯಿಯಾಗಿತ್ತು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ರಕ್ತ ತೊಳೆಯುವ ಯಂತ್ರದ ಪಕ್ಕ ಮಲಗಿದ್ದರೂ ಅವನ ಬಾಯಿ ಸುಮ್ಮನಿರಲಿಲ್ಲ.

"ನೋಡಕ್ಕ, ಊದೋಳು ನೀನು, ಊದಿಕೊಂಡೋನು ನಾನು."

"ಬಾಯ್ಮುಚ್ಚೋ. ನನ್ನ ಹತ್ರ ಎರಡಿದೆ, ಒಂದು ತಗೋ."

"ಹಳೇ ಕೊಡೆ ಕೇಳಿದ್ರೂ ಕೊಡದವಳು, ಈಗೇನಮ್ಮ ಇಷ್ಟು ಧಾರಾಳ!"

ರಕ್ತ ಹೊಂದಿತು. ಊದಕ್ಕ ಗುಂಡುಕಲ್ಲಿನ ಹಾಗಿದ್ದಳು. ಆದರೂ ಡಾಕ್ಟರಮ್ಮ ಅವಳ ಕೆಲಸ ಏನೆಂದು ಕೇಳಿ ತಿಳಿದು, ಮೂತ್ರವನ್ನು ಇನ್ನೊಂದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಜೊತೆಗೆ ನಾನೂ ಇದ್ದೆ.

"ನಿಮ್ಮ ಬೆಸುಗೇಲಿ ಕ್ಯಾಡ್ಮಿಯಂ ಅನ್ನೋ ಲೋಹ ಇದೆ ಅಮ್ಮ. ಕಾದ್ರೆ ಹೊಗೆಯಾಗುತ್ತೆ. ಒಳಗೆ ಹೋದದ್ದು ಮೂತ್ರಪಿಂಡದಲ್ಲಿ ಕೂತ್ಬಿಡುತ್ತೆ, ಬೇಗ ಏಳಲ್ಲ."

"ನನಗೇನೂ ಆಗಿಲ್ವಲ್ಲ?"

"ಆಗಿಲ್ಲ, ಚೆನ್ನಾಗೇ ಕೆಲಸ ಮಾಡ್ತಿದೆ. ಸ್ವಲ್ಪ ಎಲ್ಲರಲ್ಲೂ ಇರುತ್ತೆ, ಗಟ್ಟಿಮುಟ್ಟಾಗಿರೋರಲ್ಲೂ, ನನ್ನಲ್ಲೂ. ತಿನ್ನೋ ಕಾಳು ಸೊಪ್ಪಿನಿಂದ ಬರುತ್ತೆ, ಸಿಗರೇಟಿಂದ ಇನ್ನೂ ಜಾಸ್ತಿ. ನಿಮ್ಮದು ಒಂದಿಷ್ಟು ಹೆಚ್ಚು, ಅಷ್ಟೇ. ಕೊಡೋಕೆ ಅಡ್ಡಿಯಿಲ್ಲ. ಆದ್ರೆ ಆ ಬೆಸುಗೆ ಬಿಡ್ಬೇಕು. ತಗೊಳ್ಳೋರಿಗೂ ವಿಷಯ ಗೊತ್ತಿರ್ಬೇಕು."

ಮನೆ ಬಾಗಿಲಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು.

"ಅವನಿಗೆ ತಾಗಬಾರದು ಅಂತ ಕುಡಿದ ಹೊಗೆ ಕಣಕ್ಕ. ಈಗ ಅದನ್ನೇ ಕೈಯಾರೆ ಅವನ ಹೊಟ್ಟೇಲಿ ಇಡೋದಾ?"

ಆಮೇಲೆ ಅವಳು ಆಸ್ಪತ್ರೆಯ ಮಾತೇ ಎತ್ತಲಿಲ್ಲ. ಊದುಗೊಳವೆ ಮುಟ್ಟಲಿಲ್ಲ. ಹಗಲೆಲ್ಲ ಕಿಟಕಿ ನೋಡುತ್ತಾ ಕೂತಿರುತ್ತಿದ್ದಳು. ಕಣ್ಣು ಹತ್ತಿದರೆ ಒಂದೇ ಕನಸಂತೆ. ತನ್ನ ಹೊಟ್ಟೆಯೊಳಗೊಂದು ಬಟ್ಟಲು, ಅದರ ತಳದಲ್ಲಿ ಹೂವಿನ ಪುಡಿಯ ಹಾಗೆ ಹಳದಿ. ಅವಳು ಊದುತ್ತಾಳೆ, ಪುಡಿ ಎದ್ದು ಕೋಣೆ ತುಂಬುತ್ತದೆ, ಎಲ್ಲೋ ತೊಟ್ಟಿಲು ಜೀಕುತ್ತದೆ. ಊದುವುದನ್ನು ನಿಲ್ಲಿಸೋಣ ಅಂದರೆ ದೀಪ ಆರುತ್ತದೆ.

ಕಾದು ಕಾದು ತಮ್ಮನೇ ಬಂದ, ಹೆಂಡತಿಯ ಹೆಗಲು ಹಿಡಿದು. ಡಾಕ್ಟರಮ್ಮ ಅವನಿಗೆ ಎಲ್ಲ ಹೇಳಿದ್ದರು.

"ಏನಕ್ಕ, ಆಸೆ ತೋರಿಸಿ ಕೈ ಎತ್ತಿಬಿಟ್ಯಾ?"

ಆಗ ಅವಳು ತೊಟ್ಟಿಲಿನ ಕಥೆ ಹೇಳಿದಳು. ಅವನಿಗೆ ಗೊತ್ತೇ ಇರಲಿಲ್ಲ. ತಾನು ಬೀದಿಯಲ್ಲಿ ಆಡುವಾಗ ಕಣ್ಣಿಡಲಿಕ್ಕೆ ಅಕ್ಕ ಕಿಟಕಿಗೆ ಮುಖ ಮಾಡಿ ಕೂರುತ್ತಾಳೆ ಅಂದುಕೊಂಡಿದ್ದನಂತೆ. ಅವನು ಮೇಜನ್ನೂ ಕಿಟಕಿಯನ್ನೂ ಒಮ್ಮೆ ನೋಡಿದ.

"ಅಂದ್ರೆ, ನನ್ನ ಪಾಲಿಂದೂ ನೀನೇ ಕುಡಿದಿದ್ದೀಯ."

"ಹೂಂ."

"ಹಾಗಾದ್ರೆ ನನ್ನ ಪಾಲು ನನಗೆ ಕೊಡು. ಅದಕ್ಯಾಕೆ ಅಳೋದು, ಜಿಪುಣಿ!"

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕಳು.

"ಆದ್ರೆ ಮೊದಲು ಈ ಮೇಜು ತಿರುಗಬೇಕು" ಅಂದ ಅವನು. "ಉಳಿಯೋ ಒಂದು ನಿಂದು. ಅದಕ್ಕೆ ಇನ್ನು ಹೊಗೆ ಕುಡಿಸ್ಬೇಡ."

ನಾವು ಹೆಂಗಸರು ಮೂವರೂ ಹಿಡಿದೆವು. ಮೇಜಿನ ಕಾಲುಗಳು ನೆಲದಲ್ಲಿ ಗುಳಿ ಮಾಡಿಕೊಂಡು ಕೂತಿದ್ದವು, ಬೇರು ಕಿತ್ತ ಹಾಗೆ ಎದ್ದವು. ಎತ್ತಲಾರದವನು ಗೋಡೆಗೊರಗಿ ಅಪ್ಪಣೆ ಕೊಡುತ್ತಿದ್ದ: "ರೈಟ್ ರೈಟ್! ಹೋಲ್ಡಾನ್! ಗೋಡೆಗೆ ಗುದ್ದೀರಿ!"

ಅಕ್ಕ ಕೊಟ್ಟ ಮೂತ್ರಪಿಂಡ ತಮ್ಮನಿಗೆ ಹೊಂದಿಕೊಂಡಿತು. ಅವನ ಕಾಲು ಮತ್ತೆ ಬೂಟಿಗೆ ಹೋಗುತ್ತದೆ. ಅವಳೀಗ ಆ ಲೋಹವಿಲ್ಲದ ಬೆಸುಗೆ ತರಿಸುತ್ತಾಳೆ, ಕಿಟಕಿಗೆ ಬೆನ್ನು ಮಾಡಿ ಕೂರುತ್ತಾಳೆ. ಹೊಗೆ ಅವಳಿಂದ ಆಚೆ ಸರಿದು, ಬಾಗಿಲು ದಾಟಿ ಹೋಗುತ್ತದೆ. ಬಟಾಣಿ ಬುಟ್ಟಿಯ ಸಮೇತ ನಾನು ಮೆಟ್ಟಿಲ ಮೇಲಕ್ಕೆ ಜರುಗಿದ್ದೇನೆ.

ರಜೆಯ ದಿನ ತಮ್ಮ ಬಂದು ಅವಳ ಪಕ್ಕದಲ್ಲಿ, ಹಿಂದೆ ತೊಟ್ಟಿಲಿದ್ದ ಜಾಗದಲ್ಲಿ, ಚಾಪೆ ಹಾಸಿ ಮಲಗುತ್ತಾನೆ. ಮಾತಾಡುತ್ತಾ ಮಾತಾಡುತ್ತಾ ಗೊರಕೆಗಿಳಿಯುತ್ತಾನೆ. ಅವಳು ಕೆನ್ನೆ ಉಬ್ಬಿಸಿ ಊದುತ್ತಿರುತ್ತಾಳೆ. ಮೇಜಿನ ಕೆಳಗೆ ಅವಳ ಕಾಲ್ಬೆರಳು, ಹಗ್ಗವಿಲ್ಲದಿದ್ದರೂ, ಮೆಲ್ಲಗೆ ಆಡುತ್ತಿರುತ್ತದೆ.