ನೆಟ್‌ನ ಆಚೆ ನಮ್ಮ ಮನೆಯವರು

ಭಾನುವಾರ ಸಂಜೆ ಮನೆಯಲ್ಲಿ ಒಗ್ಗರಣೆ ಹಾಕುವುದು ಅನುಮಾನಕ್ಕೆ ಎಡೆಮಾಡಿಕೊಡುವ ಕೆಲಸವೆಂದು ಐವತ್ತು ತುಂಬುವ ತನಕ ನನಗೆ ಗೊತ್ತಿರಲಿಲ್ಲ. ಸೂರತ್ತಿನ ಅಡಾಜಣ್‌ಗೆ ಬಂದ ಮೊದಲ ಭಾನುವಾರ, ಅರ್ಧ ಸಾಮಾನು ಇನ್ನೂ ರಟ್ಟಿನ ಪೆಟ್ಟಿಗೆಗಳಲ್ಲೇ ಇರುವಾಗ, ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ ಬೇಳೆಸಾರಿಗೆ ಚುರ್ ಎನ್ನಿಸಿದೆನೋ ಇಲ್ಲವೋ, ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಎದುರುಮನೆಯ ಹಂಸಾಬೆನ್. ಅರವತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಮಗನಿಗೆ ವರಾಛಾದಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆ. ಮುಖದ ತುಂಬ ಕಾಳಜಿ ತುಂಬಿಕೊಂಡು, “ಕೌನ್ ಬೀಮಾರ್ ಹೈ?” ಎಂದು ಕೇಳಿದರು. ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಹುಷಾರಾಗಿದ್ದೇವೆ ಎಂದೆ. ಹಾಗಾದರೆ ಗಂಡ ಹೆಂಡತಿ ಜಗಳ ಆಡಿಕೊಂಡಿದ್ದೀರಾ ಎಂದರು. ಅಯ್ಯೋ, ಅದೂ ಇಲ್ಲ ಎಂದಾಗ ಅವರಿಗೆ ನಿಜಕ್ಕೂ ತಲೆಬುಡ ತಿಳಿಯದಾಯಿತು. ಕಾಯಿಲೆಯೂ ಇಲ್ಲ, ಜಗಳವೂ ಇಲ್ಲ, ಮತ್ತೆ ಭಾನುವಾರ ಸಂಜೆ ಅಡಿಗೆ ಯಾಕೆ?

ನಿಮಗೂ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ: ಸೂರತ್ತಿನಲ್ಲಿ ಭಾನುವಾರ ಸಂಜೆ ಒಲೆಗೆ ರಜೆ. ಅಜ್ಜಿಯಿಂದ ಹಿಡಿದು ಹಾಲುಗೂಸಿನ ತನಕ ಇಡೀ ಊರು ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಹೊರಟು, ರಸ್ತೆಬದಿಯಲ್ಲಿ ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕುಳಿತು, ತಿಂದು, ಹರಟೆ ಹೊಡೆದು ಮನೆಗೆ ಬರುತ್ತದೆ. ನನ್ನ ಸಾರು ಫ್ರಿಜ್ಜಿಗೆ ಹೋಯಿತು. ನಾವಿಬ್ಬರು ಹಂಸಾಬೆನ್ನರ ಜೊತೆ ಹೋಗಿ ಅವರ ಚಾಪೆಯ ಮೇಲೆ ಕುಳಿತೆವು. ಎದುರಿಗೆ ವಾಹನಗಳು ಹಾಯುತ್ತಿದ್ದರೆ ಕೈಯಲ್ಲಿ ಬಿಸಿಬಿಸಿ ಟೊಮ್ಯಾಟೊ ಭಜಿ. ನಮ್ಮ ಮನೆಯವರು ಮಾತ್ರ ಹೆಣ್ಣು ನೋಡಲು ಬಂದ ವರನಂತೆ ಚಾಪೆಯ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು.

ನಾವು ಗದಗಿನ ಕಡೆಯವರು. ನಮ್ಮ ಮನೆಯವರಿಗೆ ಬ್ಯಾಂಕಿನಲ್ಲಿ ಕೆಲಸ. ವರ್ಗಾವಣೆಯ ಕಾಗದ ಬಂದಾಗ ಮೂರು ವರ್ಷ ಹಲ್ಲುಕಚ್ಚಿ ಕಳೆದರಾಯಿತು ಎಂದುಕೊಂಡು ಹೊರಟವರು. ಮಗಳು ವಡೋದರಾದಲ್ಲಿ ಓದಲು ಸೇರಿದ್ದರಿಂದ, ಎರಡು ತಾಸಿನ ರೈಲುದಾರಿಯಲ್ಲಿ ಅವಳಿದ್ದಾಳಲ್ಲ ಎಂಬುದೊಂದೇ ಸಮಾಧಾನ. ನೆಂಟರಿಲ್ಲ, ಭಾಷೆ ಬಾರದು, ರೊಟ್ಟಿ ಬಡಿಯುವ ಸದ್ದಿಗೆ ಕೆಳಮನೆಯವರು ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆ ಬೇರೆ. ಆದರೆ ಈ ಊರು ನಮ್ಮನ್ನು ಹಲ್ಲು ಕಚ್ಚಲು ಬಿಡಬೇಕಲ್ಲ! ತಿಂಗಳೊಳಗೆ ಬಸವರಾಜ ಎಂಬ ತುಂಬು ಹೆಸರಿನ ನಮ್ಮ ಮನೆಯವರು ಬಸುಭಾಯಿ ಆದರು, ನಾನು ಗಿರಿಜಾಬೆನ್ ಆದೆ. ಚಳಿಗಾಲ ಬರುತ್ತಲೇ ತಾಪಿ ನದಿಯ ಆಸುಪಾಸಿನ ಅಂಗಡಿಗಳಲ್ಲಿ ಸುಟ್ಟ ಹಸಿಜೋಳದ ರಾಶಿ ಕಂಡಿತು. ಪೊಂಕ್ ಅಂತೆ. ಪೊಂಕ್ ಏನು ಬಂತು, ನಮ್ಮ ಸೀತನಿ! ಹೊಲದ ಬದುವಿನಲ್ಲಿ ತೆನೆ ಸುಟ್ಟು ತಿಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ಇವರು ಸೇವು, ನಿಂಬೆಹಣ್ಣು ಸೇರಿಸಿ ತಟ್ಟೆಯಲ್ಲಿಟ್ಟು ಕೊಡುತ್ತಾರೆ, ಅಷ್ಟೇ. ಅಂದು ಆ ಅಂಗಡಿಯ ಮುಂದೆ ನಿಂತು ನಾನು ಅತ್ತುಬಿಟ್ಟೆ. ಖಾರದ ಸೇವು ಕಣ್ಣಿಗೆ ಬಿತ್ತೇನೋ ಎಂದು ಅಂಗಡಿಯವನು ನೀರು ಕೊಟ್ಟ.

ಈಗ ಆಟದ ವಿಷಯ. ಅಪಾರ್ಟ್‌ಮೆಂಟಿಗೆ ಇಲ್ಲಿ ಸೊಸೈಟಿ ಎನ್ನುತ್ತಾರೆ. ನಮ್ಮ ಸೊಸೈಟಿಯ ಎರಡು ಕಟ್ಟಡಗಳ ನಡುವಿನ ಸಿಮೆಂಟಿನ ಅಂಗಳದಲ್ಲಿ ಬಿಳಿ ಬಣ್ಣದ ಗೆರೆ ಎಳೆದು ಬ್ಯಾಡ್ಮಿಂಟನ್ ಅಂಕಣ ಮಾಡಿಕೊಂಡಿದ್ದಾರೆ. ಬೆಳಗ್ಗೆ ಗಾಳಿ ಏಳುವ ಮೊದಲು ಅಲ್ಲಿ ಹತ್ತಿಪ್ಪತ್ತು ಜನ. ಹಂಸಾಬೆನ್ ನನ್ನನ್ನು ಎಳೆದುಕೊಂಡು ಹೋಗಿ ಕೈಗೆ ರಾಕೆಟ್ ಕೊಟ್ಟರು. ನಾನು ಹುಟ್ಟಿದಾಗಿನಿಂದ ಆಟ ಆಡಿದವಳಲ್ಲ. ಶಾಲೆಯಲ್ಲಿ ಆಟದ ಪಿರಿಯಡ್ ಬಂದರೆ ಹೊಟ್ಟೆನೋವು ಎಂದು ಕುಳಿತವಳು. ಸೀರೆಯ ಸೆರಗು ಸಿಕ್ಕಿಸಿ ಮೊದಲ ಸಲ ಬೀಸಿದಾಗ ಕಾಕ್ ಒಂದು ದಿಕ್ಕಿಗೆ, ರಾಕೆಟ್ ಇನ್ನೊಂದು ದಿಕ್ಕಿಗೆ ಹೋದವು. ಯಾರೂ ನಗಲಿಲ್ಲ. ಇನ್ನೊಂದು ಕಾಕ್ ಎಸೆದರು. ವಾರದಲ್ಲಿ ಸಲ್ವಾರ್ ಬಂತು, ತಿಂಗಳಲ್ಲಿ ಕ್ಯಾನ್ವಾಸ್ ಬೂಟು ಬಂತು, ಆರು ತಿಂಗಳಲ್ಲಿ ಬೆಳಗಿನ ಚಹಾಕ್ಕಿಂತ ಮೊದಲು ಆಟ ಬೇಕೆನ್ನಿಸತೊಡಗಿತು.

ನಮ್ಮ ಮನೆಯವರದು ಬೇರೆ ಕತೆ. ಕಾಲೇಜಿನ ದಿನಗಳಲ್ಲಿ ಧಾರವಾಡದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಮದುವೆಯಾದ ಮೇಲೆ ರಾಕೆಟ್ಟನ್ನು ಕಪಾಟಿನ ಮೇಲೆ ಹಾಕಿದವರು ಇಲ್ಲಿ ಮತ್ತೆ ಕೈಗೆತ್ತಿಕೊಂಡರು. ಎಲ್ಲರ ಆಟ ಮುಗಿದ ಮೇಲೆ ನಾವಿಬ್ಬರೇ ಹದಿನೈದು ಪಾಯಿಂಟಿನ ಒಂದು ಆಟ ಆಡುವುದು ರೂಢಿಯಾಯಿತು. ಎರಡನೆಯ ವರ್ಷಕ್ಕೆ ನಾನು ಗೆಲ್ಲತೊಡಗಿದೆ. ಹದಿನೈದು ಹದಿಮೂರು. ಮರುದಿನ ಮತ್ತೆ ಹದಿನೈದು ಹದಿಮೂರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ ನೋಡಿ. ವಡೋದರಾಕ್ಕೆ ಫೋನು ಹಚ್ಚಿ ಮಗಳಿಗೆ ಹೇಳಿದರೆ, “ಖರೇನಾ ಅಮ್ಮಾ? ಅಪ್ಪಗ ಸೋಲಿಸಿದಿ?” ಎಂದು ಅವಳು ನಕ್ಕಳು. ಆ ನಗುವಿನಲ್ಲಿ ಏನೋ ಇತ್ತು. ನಾನು ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ.

ಆ ವರ್ಷದ ಜನವರಿಯಲ್ಲಿ ಸಂಕ್ರಾಂತಿ ಬಂತು; ಹಿಂದಿನ ವರ್ಷ ಹಬ್ಬಕ್ಕೆ ನಾವು ಊರಿಗೆ ಹೋಗಿದ್ದೆವು. ಇಲ್ಲಿ ಅದಕ್ಕೆ ಉತ್ತರಾಯಣ ಎನ್ನುತ್ತಾರೆ, ಗಾಳಿಪಟದ ಹಬ್ಬ. ನಮ್ಮ ಕಡೆ ಆ ದಿನ ಕುಸುರೆಳ್ಳು ಕೊಟ್ಟು, ಕಿರಿಯರು ಹಿರಿಯರ ಕಾಲಿಗೆ ಬಿದ್ದು, ಎಲ್ಲರೂ ನಯವಾಗಿ ಮಾತಾಡಿಕೊಂಡು ಇರುತ್ತೇವೆ. ಇಲ್ಲಿಯ ತಾರಸಿಯ ಮೇಲೆ ನಾನು ಕಂಡದ್ದೇ ಬೇರೆ. ಹಂಸಾಬೆನ್ನರ ಸೊಸೆ ತನ್ನ ದಾರವನ್ನು ಅತ್ತೆಯ ದಾರಕ್ಕೆ ಕೊಂಡಿ ಹಾಕಿ ಸರ್ರನೆ ಎಳೆದು ಅವರ ಪಟ ಕತ್ತರಿಸಿದಳು; ಕತ್ತರಿಸಿ ಊರಿಗೆಲ್ಲ ಕೇಳುವಂತೆ ಕೂಗಿ ಕುಣಿದಳು. ನಾನು ಎದೆಯ ಮೇಲೆ ಕೈ ಇಟ್ಟುಕೊಂಡೆ, ಇನ್ನು ಈ ಮನೆಯಲ್ಲಿ ಮೂರು ದಿನ ಮಾತಿರುವುದಿಲ್ಲ ಎಂದುಕೊಂಡೆ. ಅತ್ತೆಯಾದರೋ ಹೊಸ ಪಟ ಏರಿಸಿ ಹತ್ತೇ ನಿಮಿಷದಲ್ಲಿ ಸೊಸೆಯ ಪಟ ಕತ್ತರಿಸಿ, ಅವಳಿಗಿಂತ ಜೋರಾಗಿ ಕೂಗಿದರು. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಧಿಯು ಎಂಬ ತರಕಾರಿ ಪಲ್ಯ ತಿಂದರು. ಪಟ ಕತ್ತರಿಸದೆ ಬಿಟ್ಟಿದ್ದರೆ ಅದು ಇವರಲ್ಲಿ ಅವಮಾನವಂತೆ. ನಿನ್ನ ಜೊತೆ ಆಡಿ ಪ್ರಯೋಜನವಿಲ್ಲ ಎಂದಂತೆ. ಈ ಮಾತು ನನಗೆ ಆ ದಿನ ತಮಾಷೆಯಾಗಿ ಕಂಡಿತ್ತು.

ಹಬ್ಬದ ಮುಂದಿನ ಭಾನುವಾರ ಬೆಳಗ್ಗೆ ಸೊಸೈಟಿಯ ಪಂದ್ಯಾವಳಿ. ಹೆಣ್ಣು ಗಂಡು ಜೋಡಿಯಾಟಕ್ಕೆ ಇವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಗಂಡ ಹೆಂಡತಿ ಒಂದೇ ಜೋಡಿಯಲ್ಲಿ ಆಡುವಂತಿಲ್ಲ. ಹಿಂದೊಮ್ಮೆ ಆಡಿಸಿ, ಅಂಕಣದ ಜಗಳ ಅಡಿಗೆಮನೆಗೆ ಹೋಗಿ, ಬಿಡಿಸಲು ಕಮಿಟಿಯವರೇ ಹೋಗಬೇಕಾಯಿತಂತೆ. ಆದ್ದರಿಂದ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತುತ್ತಾರೆ. ನನ್ನ ಜೋಡಿಗೆ ಮೂರನೆಯ ಮಹಡಿಯ ದಂತವೈದ್ಯ ಕೇತನ್‌ಭಾಯಿ ಬಂದರು. ನಮ್ಮ ಮನೆಯವರಿಗೆ ಹಂಸಾಬೆನ್. ನಮ್ಮ ಎರಡು ಜೋಡಿಗಳೇ ಸೆಮಿಫೈನಲ್‌ನಲ್ಲಿ ಎದುರುಬದುರು ಆದೆವು.

ಮೂರು ಆಟಗಳಲ್ಲಿ ಎರಡು ಗೆದ್ದವರು ಫೈನಲ್‌ಗೆ. ಮೊದಲ ಆಟ ನಮ್ಮ ಕಡೆಗೇ ಸಾಗಿತ್ತು. ನಾನು ಎತ್ತಿದ ಕಾಕ್ ನಮ್ಮ ಮನೆಯವರ ತಲೆಯ ಮೇಲೆ, ಕೊಂಬೆಯಿಂದ ಕಳಚಿದ ಹಣ್ಣಿನಂತೆ ಹೊಡೆತಕ್ಕೆ ಸಿದ್ಧವಾಗಿ ಇಳಿಯುತ್ತಿತ್ತು. ಅವರು ಅದನ್ನು ಮೆತ್ತಗೆ ಮುಟ್ಟಿ ನನ್ನ ಕೈಗೇ ಕಳಿಸುತ್ತಿದ್ದರು. ಕೇತನ್‌ಭಾಯಿಗೆ ಹೋಗುವ ಹೊಡೆತಗಳು ಸಿಡಿಲಿನಂತಿದ್ದವು, ನನಗೆ ಬರುವವು ಮಾತ್ರ ಹೀಗೆ. ಆ ಆಟ ನಾವು ಗೆಲ್ಲುತ್ತಿದ್ದಂತೆ ಹಂಸಾಬೆನ್ ರಾಕೆಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಸೊಂಟದ ಮೇಲೆ ಕೈ ಇಟ್ಟು ನಿಂತರು.

“ಆ ಶುಂ ಕರೋ ಛೋ, ಬಸುಭಾಯಿ?” ಇದೇನು ಮಾಡುತ್ತಿದ್ದೀರಿ ಎಂದು ಗುಜರಾತಿಯಲ್ಲಿ ಶುರುಮಾಡಿ, ನಮಗೆ ತಿಳಿಯಲೆಂದು ಹಿಂದಿಗೆ ಇಳಿದರು. ಹೆಂಡತಿಗೆ ಉಡುಗೊರೆ ಕೊಡುವ ಆಸೆಯಿದ್ದರೆ ಇದು ಸೂರತ್, ಹೆಜ್ಜೆಗೊಂದು ಸೀರೆ ಅಂಗಡಿಯಿದೆ, ಹೋಗಿ ಕೊಡಿಸಿ. ನನ್ನ ಪಾಯಿಂಟುಗಳನ್ನು ಯಾಕೆ ದಾನ ಮಾಡುತ್ತೀರಿ? ದಿನಾ ಬೆಳಗ್ಗೆ ಬಾಲ್ಕನಿಯಿಂದ ನೋಡುತ್ತೇನೆ, ಹದಿಮೂರರಲ್ಲಿ ನಿಂತುಬಿಡುತ್ತೀರಿ, ಅದು ನಿಮ್ಮ ಮನೆಯ ವಿಷಯ ಎಂದು ಸುಮ್ಮನಿದ್ದೆ, ಇಲ್ಲಿ ಮಾತ್ರ ನಡೆಯದು ಎಂದರು. ಸುತ್ತ ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಅವರ ನಗೆಯಲ್ಲಿ ಕೆಡುಕಿರಲಿಲ್ಲ. ಆದರೂ ನನ್ನ ಮುಖ ಕೆಂಡವಾಯಿತು. ಎಲ್ಲರಿಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಬೆಂಚಿನ ಮೇಲೆ ಕುಳಿತು ನೀರು ಕುಡಿಯುತ್ತ ನಾನು ಯೋಚಿಸಿದ್ದು ಬ್ಯಾಡ್ಮಿಂಟನ್ ಒಂದರ ಬಗ್ಗೆಯಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನೊಂದಿಗೆ ಒಮ್ಮೆಯೂ ವಾದಕ್ಕೆ ನಿಂತವರಲ್ಲ. ಪರದೆಯ ಬಣ್ಣವಿರಲಿ, ಮಗಳ ಕಾಲೇಜಿರಲಿ, ನಾನು ಒಂದು ಮಾತು ಏರಿಸಿದರೆ “ಆತು ಬಿಡು, ನೀ ಹೇಳಿದಂಗ” ಎಂದು ಪೇಪರ್ ಎತ್ತಿಕೊಳ್ಳುವವರು. ಎಂಥ ದೇವರಂಥ ಗಂಡ ಸಿಕ್ಕಿದ್ದಾನೆ ಎಂದು ನಮ್ಮಕ್ಕತಂಗಿಯರು ಹೊಟ್ಟೆಕಿಚ್ಚು ಪಟ್ಟಿದ್ದಾರೆ. ನಾನೂ ಹೌದೆಂದು ಬೀಗಿದ್ದೇನೆ. ಆದರೆ ಗೆಳೆಯರೆ, ಬಿಟ್ಟುಕೊಡುವುದರಲ್ಲಿ ಎರಡು ಬಗೆ ಇದೆಯಲ್ಲವೆ? ಹೋರಾಡಿ, ನಿನ್ನ ಮಾತೇ ಸರಿ ಎಂದು ಮನಗಂಡು ಬಿಟ್ಟುಕೊಡುವುದು ಒಂದು. ಮಗುವಿನ ಕೈಗೆ ಆಟಿಕೆ ಕೊಟ್ಟು ಸುಮ್ಮನಿರಿಸುವುದು ಇನ್ನೊಂದು. ನನಗೆ ಇಷ್ಟು ವರ್ಷ ಸಿಕ್ಕಿದ್ದು ಯಾವುದು? ನನ್ನನ್ನು ಇವರು ಒಮ್ಮೆಯಾದರೂ ಎದುರಿಗೆ ನಿಂತವಳೆಂದು ಎಣಿಸಿದ್ದಾರೆಯೆ? ಸೋಲು ಗೆಲುವು ಹಾಳಾಗಿ ಹೋಗಲಿ, ಇದೊಂದು ನನಗೆ ಆ ಹೊತ್ತೇ ತಿಳಿಯಬೇಕಿತ್ತು.

ಎದ್ದು ನೆಟ್ ಬಳಿಗೆ ಹೋದೆ. ಅವರೂ ಬಂದರು, ತಪ್ಪು ಮಾಡಿದವರ ಮುಖ ಮಾಡಿಕೊಂಡು.

“ನನ್ನ ಜೋಡಿ ಯಾಕ ಖರೇ ಆಡೂದಿಲ್ರಿ ನೀವು?”

“ನಿನಗ ಬ್ಯಾಸರ ಆಗ್ತೈತಿ ಅಂತ...”

“ಬ್ಯಾಸರ ಈಗ ಆಗೇತಿ. ಇನ್ನೊಮ್ಮೆ ಮೆತ್ತಗ ಹೊಡದ್ರ ಇವತ್ತಿನಿಂದ ನಾ ರಾಕೆಟ್ ಮುಟ್ಟೂದಿಲ್ಲ. ಕೇತನ್‌ಭಾಯಿಗೆ ಹೊಡದಂಗ ನನಗೂ ಹೊಡೀರಿ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು.

ಎರಡನೆಯ ಆಟದ ಮೊದಲ ಹೊಡೆತ ನನಗೆ ಕಾಣಿಸಲೇ ಇಲ್ಲ. ಕಿವಿಯ ಪಕ್ಕ ಗಾಳಿ ಸುಯ್ಯೆಂದಿತು, ಹಿಂತಿರುಗಿ ನೋಡಿದರೆ ಕಾಕ್ ನೆಲದ ಮೇಲೆ ಬಿದ್ದಿತ್ತು. ಅಬ್ಬಾ, ಇಂಥ ಆಟಗಾರನನ್ನು ನಾನು ದಿನಾ ಸೋಲಿಸುತ್ತಿದ್ದೆನೆ! ಎರಡನೆಯದು ಭುಜಕ್ಕೆ ಬಡಿದು ಚುರುಗುಟ್ಟಿತು. ನೆರೆದವರು ಅಯ್ಯೋ ಎಂದರು. ನಾನು ಭುಜ ತಿಕ್ಕಿಕೊಳ್ಳುತ್ತ, “ಹೂಂ, ಇನ್ನೊಂದು ಬರ್ಲಿ” ಎಂದೆ. ಆ ಆಟ ನಾವು ಹದಿನೈದು ಐದರಿಂದ ಸೋತೆವು. ಆದರೆ ನನ್ನ ಕಾಲುಗಳಿಗೆ ಅದೆಲ್ಲಿಂದಲೋ ಚುರುಕು ಬಂದಿತ್ತು. ಅವರ ಭುಜ ತಿರುಗುವುದನ್ನು ನೋಡಿ ಹೊಡೆತ ಎತ್ತ ಬರುತ್ತದೆಂದು ಊಹಿಸತೊಡಗಿದೆ. ನಾಲ್ಕು ಹೊಡೆತ ತಪ್ಪಿದರೆ ಒಂದು ಸಿಗುತ್ತಿತ್ತು. ಸಿಕ್ಕಿದ್ದು ನನ್ನ ಸ್ವಂತದ್ದು.

ಮೂರನೆಯ ಆಟದಲ್ಲಿ ಅವರು ಹದಿಮೂರಕ್ಕೆ ಬಂದಾಗ ನಾವು ಆರರಲ್ಲಿದ್ದೆವು. ನಮ್ಮ ಮನೆಯವರು ಪೂರ್ತಿ ಬಲದಿಂದ ಬಡಿದರು. ನಾನು ಹೇಗೋ ರಾಕೆಟ್ ಅಡ್ಡ ಕೊಟ್ಟೆ. ಕಾಕ್ ಮೇಲಕ್ಕೆದ್ದು, ಅವರ ತಲೆಯನ್ನೂ ಹಂಸಾಬೆನ್ನರ ಚಾಚಿದ ಕೈಯನ್ನೂ ದಾಟಿ, ಹಿಂದಿನ ಬಿಳಿ ಗೆರೆಯ ಬಳಿ ಇಳಿಯಿತು. ಅಂಪೈರ್ ಆಗಿದ್ದ ಸೊಸೈಟಿಯ ಕಾರ್ಯದರ್ಶಿಗಳು ಪಾಯಿಂಟು ನಮಗೆ ಕೊಟ್ಟರು. ಆಗ ನಮ್ಮ ಮನೆಯವರು “ಥತ್!” ಎಂದು ರಾಕೆಟ್ಟನ್ನು ತೊಡೆಗೆ ಬಡಿದುಕೊಂಡು, “ಔಟ್ ಹೈ! ಸಾಫ್ ಔಟ್ ಹೈ!” ಎಂದು ಅಂಪೈರ್ ಕುರ್ಚಿಯ ಬಳಿಗೆ ಓಡಿದರು. ತರಕಾರಿಯವನ ಹತ್ತಿರವೂ ಚೌಕಾಶಿ ಮಾಡದ ಮನುಷ್ಯ! ಮೂಗಿನ ಹೊಳ್ಳೆ ಅರಳಿತ್ತು, ಕನ್ನಡಕ ಜಾರಿತ್ತು, ಕಿವಿ ಕೆಂಪೇರಿತ್ತು. ನನಗೆ ಪಾಯಿಂಟು ಬಿಟ್ಟುಕೊಡಲು ಅವರಿಗೆ ಜೀವ ಒಪ್ಪುತ್ತಿರಲಿಲ್ಲ. ಅವರನ್ನು ಅಷ್ಟು ಚಂದ ನಾನು ಮದುವೆಯ ದಿನವೂ ಕಂಡಿರಲಿಲ್ಲ.

ನಾವು ಹದಿನೈದು ಏಳರಿಂದ ಸೋತೆವು. ಹಂಸಾಬೆನ್ ಬಂದು ನನ್ನನ್ನು ಅಪ್ಪಿಕೊಂಡರು. ಬೆವರಿನಲ್ಲಿ ಇಬ್ಬರೂ ಅಂಟಿಕೊಂಡೆವು. ಫೈನಲ್ ಮುಂದಿನ ಭಾನುವಾರಕ್ಕಿತ್ತು. ಲಿಫ್ಟಿನಲ್ಲಿ ನಮ್ಮ ಮನೆಯವರು ಅದೇ ಮಾತು ಎತ್ತಿದರು. ಗೆರೆಯಿಂದ ನಾಲ್ಕು ಬೆರಳು ಹೊರಗಿತ್ತು ಎಂದರು. ಗೆರೆಯ ಮೇಲೆಯೇ ಬಿತ್ತು ಎಂದೆ. ಸ್ನಾನ ಮಾಡುತ್ತ ಬಚ್ಚಲಮನೆಯಿಂದ ಕೂಗಿ ವಾದಿಸಿದರು. ಅವಲಕ್ಕಿಯ ತಟ್ಟೆ ಮುಂದಿಟ್ಟರೆ ಎರಡು ತುತ್ತಿಗೇ ಎದ್ದು ನನ್ನ ಕೈ ಹಿಡಿದರು.

“ಬಾ ನನ್ನ ಜೋಡಿ. ಗೆರಿ ಎಲ್ಲೈತಿ, ಕಾಕ್ ಎಲ್ಲಿ ಬಿತ್ತು, ತೋರಸ್ತೀನಿ.”

“ನಡೀರಿ, ನಾನೂ ತೋರಸ್ತೀನಿ.”

ಲುಂಗಿ ಸುತ್ತಿಕೊಂಡ ಬ್ಯಾಂಕ್ ಅಧಿಕಾರಿಯೂ ಒದ್ದೆ ತಲೆಗೆ ಟವೆಲ್ ಕಟ್ಟಿದ ಅವರ ಹೆಂಡತಿಯಾದ ನಾನೂ ಹಾಡುಹಗಲಲ್ಲಿ ಅಂಗಳದ ನಡುವೆ ಮಂಡಿಯೂರಿ ಕುಳಿತು, ಬಿಳಿ ಗೆರೆಯನ್ನು ಬೆರಳಿನಿಂದ ಅಳೆಯುತ್ತ, ಇಲ್ಲಿ, ಅಲ್ಲ ಅಲ್ಲಿ ಎಂದು ಒಬ್ಬರ ಮೇಲೊಬ್ಬರು ದನಿ ಏರಿಸಿದೆವು. ಬಾಲ್ಕನಿಗಳಿಂದ ತಲೆಗಳು ಇಣುಕಿದವು. ಬಿಡಿಸಲು ಕಮಿಟಿಯವರು ಬರಬೇಕೇ ಎಂದು ಯಾರೋ ಕೇಳಿದರು. ಬರಬೇಡಿ ಎಂದು ನಾನು ಕೈಯಾಡಿಸಿದೆ. ನನ್ನ ಗಂಡ ನನ್ನ ಜೊತೆ ಜಗಳವಾಡುತ್ತಿದ್ದರು, ಗೆಲ್ಲಲೇಬೇಕೆಂದು ಆಡುತ್ತಿದ್ದರು. ನಾನೂ ಒಂದು ಬೆರಳಿನಷ್ಟು ಜಾಗವನ್ನೂ ಬಿಟ್ಟುಕೊಡಲಿಲ್ಲ.