ಮಗ್ಗುಲ ಮನೆಗೆ ಬಿದ್ದ ಕುರಿ

ಆಗ ನನಗೆ ಅರವತ್ತೊಂಬತ್ತು. ನಾಲ್ಕು ವರ್ಷದ ಹಿಂದಿನ ಮಾತು. ಹುಲಿ-ಕುರಿ ಆಟದಲ್ಲಿ ನನಗೆ ಸರಿಸಾಟಿ ಅಂತ ನಮ್ಮೂರಲ್ಲಿ ಇದ್ದವಳು ಒಬ್ಬಳೇ. ಅವಳನ್ನು ನಾನು ನಾಲ್ಕು ಜನರ ಮುಂದೆ ಕಳ್ಳಿ ಅಂದೆ.

ನಮ್ಮೂರು ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿದೆ. ಹಾಲಿನ ಡೈರಿ ಮುಂದೆ ಒಂದು ಚಪ್ಪಡಿ ಕಲ್ಲು. ಯಾವ ಕಾಲದಲ್ಲೋ ಯಾರೋ ಅದರ ಮೇಲೆ ಆಟದ ಮನೆ ಕೊರೆದಿದ್ದಾರೆ. ಸಂಜೆ ಹಾಲು ಅಳೆಯುವವನು ಬರುವುದು ಯಾವತ್ತೂ ತಡ. ಕ್ಯಾನು ಸಾಲಿಗಿಟ್ಟು ನಾವಿಬ್ಬರೂ ಆ ಕಲ್ಲಿನ ಮೇಲೆ ಕೂರುತ್ತಿದ್ದೆವು. ಅವಳ ಮನೆ ನಮ್ಮ ಹಿತ್ತಲಿಗೆ ಅಂಟಿಕೊಂಡಿದೆ. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ಹುಲಿ ಅವಳದು, ಮೂರು ಬಿಳೀ ಹೊಳೆಕಲ್ಲು. ಕುರಿ ನನ್ನದು, ಹದಿನೈದು ಹುಣಸೆಬೀಜ. ಕುರಿಯ ಹಿಂದಿನ ಮನೆ ಖಾಲಿ ಇದ್ದರೆ ಹುಲಿ ನೆಗೆದು ತಿನ್ನುತ್ತದೆ. ಕುರಿಗಳು ಒತ್ತೊತ್ತಾಗಿ ನಿಂತು ಹುಲಿ ಅಲ್ಲಾಡದ ಹಾಗೆ ಕಟ್ಟಿಹಾಕಬೇಕು. ಅಷ್ಟೇ ಆಟ.

ನಾನು ಹುಲಿ ಆಡಿದವಳಲ್ಲ. ಹುಲಿಗೆ ಹಸಿವಿದ್ದರೆ ಸಾಕು, ಕುರಿ ಕಾಯುವವಳಿಗೆ ತಲೆ ಬೇಕು. ಗಂಡಸರು ಇಸ್ಪೀಟು ಆಡಿದರೆ ಪಾಪ, ಬೇಜಾರು ಕಳೀತಾರೆ ಅಂತಾರೆ. ಹೆಂಗಸರು ನಾಲ್ಕು ಬೀಜ ಹರಡಿದರೆ ಮನೇಲಿ ಕೆಲಸ ಇಲ್ಲವಾ ಅಂತಾರೆ. ಹಾಗೆ ಕೇಳಿದವನೊಬ್ಬನಿಗೆ ಅವಳು, "ಐತೆ ಕಣಪ್ಪ, ಕೊಟ್ಟಿಗೇಲಿ ಸಗಣಿ ಬಿದ್ದೈತೆ, ಓಗಿ ಬಾಚು" ಅಂದಳು. ಆಮೇಲೆ ಯಾರೂ ಕೇಳಲಿಲ್ಲ.

ಆ ಕಲ್ಲಿಗೆ ಒಂದು ಕಟ್ಟುಪಾಡು ಇತ್ತು. ಮೋಸ ಮಾಡಿದವರು ಮತ್ತೆ ಆ ಕಲ್ಲಿನ ಮೇಲೆ ಕಾಯಿ ಮುಟ್ಟಬಾರದು. ಸುಳ್ಳೇ ಮೋಸ ಹೊರಿಸಿದ್ದರೆ, ಹೊರಿಸಿದವರು ಅದೇ ಕಲ್ಲಿನ ಹತ್ತಿರ, ಕೇಳಿಸಿಕೊಂಡ ಅದೇ ಜನರ ಮುಂದೆ, ಸುಳ್ಳು ಅಂತ ಬಾಯಿಬಿಟ್ಟು ಹೇಳಬೇಕು. ನನಗೆ ಗೊತ್ತಿರುವ ಹಾಗೆ ಹಾಗೆ ಹೇಳಿದವರು ಯಾರೂ ಇಲ್ಲ.

ಆ ವರ್ಷ ನಾನು ಸೋಲೋಕೆ ಶುರುಮಾಡಿದೆ. ವಾರಕ್ಕೊಂದಲ್ಲ, ದಿನಾ. ಭದ್ರವಾಗಿ ಇಟ್ಟ ಕುರಿ ನೋಡುವಷ್ಟರಲ್ಲಿ ಮಗ್ಗುಲ ಮನೆಯಲ್ಲಿ ಇರುತ್ತಿತ್ತು. ಒಂದು ಸಂಜೆ ಹೀಗೇ ಮೂರು ಕುರಿ ಹೋದವು. ನನಗೆ ತಡೆಯಲಿಲ್ಲ.

"ನಾನ್ ಮಡಗಿದ್ದು ಇಲ್ಲಿ. ಅಲ್ಲಿಗ್ ಯಂಗೋಯ್ತು?"

"ನೀನೇ ಅಲ್ಲಿ ಮಡಗ್ದೆ ಕಣಮ್ಮಿ."

"ನನ್ ಕೈ ನನಗ್ ಗೊತ್ತಿಲ್ವಾ? ಸೆರಗು ಸರಿ ಮಾಡ್ಕೊಳೋ ನೆಪದಾಗೆ ಸರಿಸ್ಬುಟ್ಟೆ."

"ಥೂ ನಿನ್ನ! ಒಂದು ಹುಣಸೆಬೀಜಕ್ಕೆ ಅಂಗ್ ಮಾಡ್ತೀನಾ?"

"ಮಾಡ್ದೆ. ಕಳ್ಳಾಟ ಆಡೋಳು ನೀನು."

ಸಾಲಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಯಾರೋ ಒಬ್ಬ ನಕ್ಕ. ಅವಳು ಮೂರು ಬಿಳೀ ಕಲ್ಲನ್ನೂ ನನ್ನ ಮುಂದೆ ಇಟ್ಟು, ಕ್ಯಾನು ಎತ್ತಿಕೊಂಡು ಮನೆಗೆ ಹೋದಳು. ಆವತ್ತು ಅವಳ ಮನೆ ಹಾಲು ಡೈರಿಗೆ ಬೀಳಲಿಲ್ಲ. ಮಾರನೆಯ ದಿನದಿಂದ ಅವಳ ಮಗ ತಂದು ಹಾಕಿದ.

ಅದು ಅಲ್ಲಿಗೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಮ್ಮ ಕಡೆ ಮದುವೆ ಅಂದರೆ ಉಗ್ರಾಣದ ಕೀಲಿ ಒಬ್ಬರ ಕೈಗೆ ಕೊಡುತ್ತಾರೆ. ಅಕ್ಕಿ, ತುಪ್ಪ, ಸಕ್ಕರೆ, ಕಾಯಿ ಎಲ್ಲ ಅವರ ಕಣ್ಣಳತೆಯಲ್ಲೇ ಹೊರಗೆ ಬರಬೇಕು. ಮೂವತ್ತು ವರ್ಷದಿಂದ ಆ ಕೀಲಿ ಅವಳ ಸೊಂಟದಲ್ಲೇ. ಅವಳಿಗೆ ಇದ್ದ ಹೆಸರು ಅದೊಂದೇ. ಎರಡು ತಿಂಗಳಾದ ಮೇಲೆ ಹೊಳೆನರಸೀಪುರದಲ್ಲಿ ನಮ್ಮೂರವರ ಒಂದು ಮದುವೆ. ಹೋಗಿ ನೋಡಿದರೆ ಕೀಲಿ ಬೇರೆ ಯಾರದೋ ಸೊಂಟದಲ್ಲಿದೆ. ಅವಳು ಹಿಂದುಗಡೆ ತಲೆ ತಗ್ಗಿಸಿ ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ. ನಿಜ ಹೇಳುತ್ತೇನೆ, ಆಗ ನನಗೆ ಸರಿಯಾಯಿತು ಅನ್ನಿಸಿತು. ಮನಸ್ಸಿನಲ್ಲಿ ನಕ್ಕೆ ಕೂಡ.

ನನ್ನ ಸೊಸೆ ಹೊಳೆನರಸೀಪುರದ ಒಂದು ಹೈಸ್ಕೂಲಲ್ಲಿ ವಿಜ್ಞಾನ ಕಲಿಸುತ್ತಾಳೆ. ಅವಳಿಗೂ ಆಟದ ಹುಚ್ಚು, ಆದರೆ ಫೋನಿನಲ್ಲಿ. ಕೋಟೆ ಕಟ್ಟುತ್ತಾಳೆ, ದಂಡು ಕಳಿಸುತ್ತಾಳೆ, ಯಾವ ದೇಶದವನದೋ ಊರು ಸುಡುತ್ತಾಳೆ. ಒಂದು ಗೋಡೆ ಏಳೋಕೆ ಎಂಟು ಗಂಟೆ ಕಾಯಬೇಕಂತೆ.

"ಕಲ್ಲಿಲ್ಲ, ಗಾರೆ ಇಲ್ಲ, ಎಂಟು ಗಂಟೆ ಯಾಕೆ?" ಅಂದೆ.

"ಕಾಯೋಕಾಗಲ್ಲ ಅಂತ ದುಡ್ಡು ಕೊಡ್ಲಿ ಅಂತ, ಅತ್ತೆ."

"ಅದು ಆಟ ಅಲ್ಲ, ಸಂತೆ. ಎದುರಿಗ್ ಕೂತೋರ ಮುಖ ಕಾಣ್ದೆ ಇರೋದು ಯಾವ ಸೀಮೆ ಆಟ?"

ವಿಜ್ಞಾನದ ವಿಷಯದಲ್ಲಿ ನಮಗೆ ಜಗಳವಿಲ್ಲ. ಗ್ರಹಣದ ದಿನ ಬೀದಿಯವರೆಲ್ಲ ಒಲೆ ಆರಿಸಿ ಕೂತಾಗಲೂ ನಾನು ಹಾಲು ಕರೆದವಳು. ಹಸು ಪಂಚಾಂಗ ನೋಡಿ ಸೊರೆ ಬಿಡುತ್ತದಾ? ವಿಜ್ಞಾನ ಅಂದರೆ ನಂಬೋದಲ್ಲ ಅತ್ತೆ, ಮಾಡಿ ನೋಡೋದು ಅಂತ ಸೊಸೆ ಹೇಳುತ್ತಾಳೆ. ನಾನೂ ಹೂಂ ಅನ್ನುತ್ತಿದ್ದೆ. ಒಂದು ದಿನ ನನ್ನ ಮೇಲೇ ಮಾಡಿ ನೋಡಿದಳು.

ಅದೊಂದು ಭಾನುವಾರ, ಮಧ್ಯಾಹ್ನ. ನಾನು ಜೊತೆಯಿಲ್ಲದೆ ಕೂತಿದ್ದೆ. ಸೊಸೆ ಫೋನಿಗೆ ಹುಲಿ-ಕುರಿ ಹಾಕಿಸಿಕೊಂಡು ಬಂದು, "ತಗೊಳಿ, ಇದರ ಜೊತೆ ಆಡಿ" ಅಂದಳು. ಕುರಿ ಎಲ್ಲಿಡಬೇಕೋ ಅಲ್ಲಿ ಬೆರಳಿಟ್ಟರೆ ಸಾಕು. ಆರನೇ ಕುರಿ ಇಡುವಷ್ಟರಲ್ಲಿ ನನಗೆ ರೇಗಿತು.

"ನಿನ್ ಫೋನೂ ಕಳ್ಳಾಟ ಆಡ್ತೈತೆ! ನಾನ್ ಇಲ್ಲಿಟ್ರೆ ಅಲ್ಲಿಟ್ಕೋತೈತೆ!"

ಸೊಸೆ ನಗಲಿಲ್ಲ. "ಇನ್ನೊಂದ್ಸಲ ಇಡಿ" ಅಂದಳು. ಇಟ್ಟೆ. "ಇನ್ನೊಂದ್ಸಲ." ಮೂರು ಸಲವೂ ಬೆರಳು ಮಗ್ಗುಲ ಮನೆಗೇ ಹೋಯಿತು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಹುಣಸೆಬೀಜ ಕೈಗೆ ಕೊಟ್ಟಳು. ಅದೂ ಹಾಗೇ. ನನ್ನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು.

"ಬಾಗಿಲಲ್ಲಿ ಏನು ಕಾಣುತ್ತೆ?"

"ಬಾಗಿಲೇ ಕಾಣ್ತಿಲ್ಲ. ಮಜ್ಜಿಗೆ ಚೆಲ್ದಂಗೈತೆ."

"ಪೊರೆ ಬಂದಿದೆ ಅತ್ತೆ. ಒಂದೇ ಕಣ್ಣಲ್ಲಿ ನೋಡ್ತಿದ್ದೀರ, ಅದಕ್ಕೇ ದೂರ ಹತ್ತಿರ ತಿಳೀತಿಲ್ಲ."

"ಪೊರೆ ಬರೋದು ಮುದುಕೀರ್ಗೆ."

"ಅಲ್ವಾ ಮತ್ತೆ" ಅಂದಳು.

ಬಲ್ಬು ಮಂಕು ಅಂತ ಮೂರು ಸಲ ಬದಲಾಯಿಸಿದ್ದೆ. ಕ್ಯಾನಿನ ಬಾಯಿ ಸಣ್ಣದು ಅಂತ ಅಂಗಡಿಯವನಿಗೆ ಬೈದಿದ್ದೆ. ಅಕ್ಕಿಯಲ್ಲಿ ಕಲ್ಲು ಉಳಿದರೆ ಸೊಸೆ ಸರಿಯಾಗಿ ಕೇರಿಲ್ಲ ಅಂದಿದ್ದೆ. ಎಲ್ಲರ ಮೇಲೂ ತಪ್ಪು ಹಾಕಿದೆ, ನನ್ನ ಕಣ್ಣೊಂದು ಬಿಟ್ಟು. ಆವತ್ತು ಕಲ್ಲಿನ ಹತ್ತಿರ ಅವಳು ನೀನೇ ಇಟ್ಟಿದ್ದು ಅಂದಾಗ ನನಗೆ ಕೇಳಿಸಲಿಲ್ಲ, ಅವಳಿಗೆ ಮುಖವಿತ್ತು, ಗೆದ್ದ ಮುಖ. ಫೋನಿಗೆ ಮುಖವೇ ಇಲ್ಲ, ಇನ್ನು ಯಾರ ಮೇಲೆ ಹಾಕಲಿ?

"ನಾಳೆ ರಜ ಹಾಕ್ತೀನಿ, ಹಾಸನಕ್ಕೆ ಹೋಗಿ ತೋರಿಸೋಣ" ಅಂದಳು ಸೊಸೆ.

"ಮೊದ್ಲು ಡೈರಿ, ಆಮೇಲೆ ಹಾಸ್ನ" ಅಂದೆ.

ಮಾರನೆಯ ಬೆಳಿಗ್ಗೆ ಹಾಲು ಕರೆದು ಪಕ್ಕದ ಮನೆಯವಳ ಹಿತ್ತಲ ಬಾಗಿಲಿಗೆ ಹೋದೆ. ಅವಳು ಹಸುವಿನ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

"ಕ್ಯಾನು ತಗೊಂಡು ಡೈರಿಗೆ ಬಾ" ಅಂದೆ.

"ಯಾಕೆ? ಇನ್ನೇನು ಕದ್ದೆ ನಾನು?"

"ಬಾ ಅಂದ್ರೆ ಬಾ."

ಬೈಯುತ್ತಲೇ ಬಂದಳು. ಸಾಲಿನಲ್ಲಿ ಅವತ್ತಿನವರೇ ಹೆಚ್ಚು ಕಮ್ಮಿ ಎಲ್ಲ ಇದ್ದರು. ಕೀಲಿ ಬೇರೆಯವರಿಗೆ ಕೊಟ್ಟು ಮದುವೆ ಮಾಡಿದ ಹೆಂಗಸೂ ಇದ್ದಳು. ಕಲ್ಲಿನ ಹತ್ತಿರ ನಿಂತು ಹೇಳಿದೆ. "ಇವ್ಳು ಕುರಿ ಸರಿಸ್ಲಿಲ್ಲ. ನನ್ ಕಣ್ಗೆ ಪೊರೆ ಬಂದೈತೆ, ನಾನೇ ತಪ್ಪಾಗಿ ಮಡಗ್ದೆ. ನಾನಂದಿದ್ದು ಸುಳ್ಳು." ಮದುವೆಯವಳ ಕಡೆ ತಿರುಗಿ, "ಕೇಳುಸ್ತಾ? ಇನ್ನೊಂದ್ಸಲ ಹೇಳ್ಲಾ?" ಅಂದೆ. ಅವಳು ಕೇಳಿಸ್ತು ಬಿಡಕ್ಕ ಅಂದಳು. ಈ ಸಲ ಯಾರೂ ನಗಲಿಲ್ಲ.

ನನ್ನ ಸರದಿ ಬಂದಾಗ ಕ್ಯಾನು ಎತ್ತಿದೆ. ಅವಳು ಅಳೆಯುವವನಿಗೆ, "ನೀನೇ ಬಗ್ಗುಸ್ಕೊಳಪ್ಪ, ಚೆಲ್ತಾಳೆ. ಆರು ತಿಂಗ್ಳಿಂದ ಚೆಲ್ತಾನೇ ಅವ್ಳೆ" ಅಂದಳು.

"ಗೊತ್ತಿದ್ರೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಕೇಳೋ ಜಾತಿಯಾ ನೀನು?"

ಆವತ್ತು ಅವಳು ಬಿಟ್ಟುಹೋದ ಮೂರು ಬಿಳೀ ಕಲ್ಲನ್ನು ಮಡಿಲಿಂದ ತೆಗೆದು ಅವಳ ಕ್ಯಾನಿನ ಮುಚ್ಚಳದ ಮೇಲಿಟ್ಟು, ಎಂಟು ಗಂಟೆ ಬಸ್ಸಿಗೆ ಸೊಸೆ ಜೊತೆ ಹಾಸನಕ್ಕೆ ಹೋದೆ.